ಹೊಳೆ ದಂಡೆಯಲ್ಲಿ ಕಡಲಿನ ಮಾತು

ಬೇಸಿಗೆಯಲ್ಲಿ ಉಗಾರ ಬುದ್ರುಕದ ಕೃಷ್ಣೆಯನ್ನು ನೋಡಿದವರು ಅವಳನ್ನು ಸಾಧು ಎಂದೇ ನಂಬುತ್ತಾರೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಸಾಕು, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಈ ಸೀಮೆಯ ಕಬ್ಬಿನ ಹೊಲಗಳೆಲ್ಲ ನೀರಾಗಿದ್ದವು.

ದಂಡೆಯಲ್ಲಿ ಕೂತಿದ್ದಾಗ ಅಣ್ಣನ ಮಗ ಕೇಳಿದ: “ಕಾಕಾ, ನಡುನೀರಾಗ ಮೊಬೈಲ್ ಬಂದಾದ್ರ ಏನ್ ಮಾಡೂದು?”

ಹೊಳೆಯಲ್ಲಾದರೆ ಕೂಗಿದರೆ ಯಾರಿಗಾದರೂ ಕೇಳಿಸೀತು. ಕಡಲಲ್ಲಿ ದಂಡೆ ದೂರವಾದಂತೆ ಸಿಗ್ನಲ್ಲೂ ಇಲ್ಲ, ಕೇಳುವವರೂ ಇಲ್ಲ. ಅದಕ್ಕೇ ಇಸ್ರೋ ಮೀನುಗಾರರ ದೋಣಿಗೆಂದು ಒಂದು ಪುಟ್ಟ ಯಂತ್ರ ಮಾಡಿದೆ. ಅಪಾಯವಾದಾಗ ಗುಂಡಿ ಒತ್ತಿದರೆ ದೋಣಿ ಎಲ್ಲಿದೆಯೆಂಬ ಸುದ್ದಿ ಉಪಗ್ರಹಕ್ಕೆ ಹಾರಿ, ಅಲ್ಲಿಂದ ನೆಲದ ನಿಯಂತ್ರಣ ಕೇಂದ್ರಕ್ಕೆ ಇಳಿದು, ಕರಾವಳಿ ಕಾವಲು ಪಡೆಗೆ ಮುಟ್ಟುತ್ತದೆ.

2010ರಿಂದ ಬಳಕೆಯಲ್ಲಿದ್ದ ಹಳೆಯದರಲ್ಲಿ ಒಂದು ಕೊರತೆಯಿತ್ತು: ಕರೆ ಹೋಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಯಾರಿಗಾದರೂ ಕೇಳಿಸಿತೋ ಇಲ್ಲವೋ ತಿಳಿಯದೆ ಅಲೆಗಳ ನಡುವೆ ಕೂತಿರುವುದನ್ನು ನೆನೆಸಿಕೊಳ್ಳಿ! 2024ರ ಜನವರಿಯಲ್ಲಿ ಬಂದ ಹೊಸದು “ನಿಮ್ಮ ಕರೆ ಮುಟ್ಟಿತು” ಎಂಬ ಮರುಸುದ್ದಿ ತರುತ್ತದೆ. ಮೊಬೈಲಿಗೆ ಜೋಡಿಸಿ ಅವರವರ ಭಾಷೆಯಲ್ಲೇ ಓದಬಹುದು.

ಹುಡುಗ ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದ.

“ನಮ್ಮ ದೋಣಿಯಾಗ ಏನೈತಿ?”

“ಹಗ್ಗ, ಲಾರಿ ಟ್ಯೂಬು.”

“ಅಷ್ಟ ಏನು?” ಎಂದ.