ಏರಿದಷ್ಟೇ ಇಳಿತ

ಹೊರಟಲ್ಲಿಗೇ ಬಂದು ಸೇರುವ ಸೈಕಲ್ ಸುತ್ತಿನಲ್ಲಿ ಏರಿದ ಎತ್ತರ, ಇಳಿದ ಎತ್ತರ ಎರಡೂ ಸಮ. ಲೆಕ್ಕ ಸಮವಾದರೂ ದಾರಿ ಸಮವಲ್ಲ. ಒಂದೇ ಗುಡ್ಡವನ್ನು ಎಡದಿಂದ ಸುತ್ತಿದರೆ ಸುಖ, ಬಲದಿಂದ ಸುತ್ತಿದರೆ ಸೈಕಲ್ ಹೊತ್ತು ನಡೆಯುವ ಪಾಡು. ಬೆಟ್ಟದ ಸವಾರಿಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ದಿಕ್ಕು.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಸೀಮೆ ಈ ಬಗೆಯ ಸವಾರಿಗೆ ಹೇಳಿ ಮಾಡಿಸಿದ ನೆಲ. ಬೆಂಗಳೂರಿನ ಸೈಕಲ್ ಮಂದಿ ಮಾತ್ರ 1,478 ಮೀಟರ್ ಎತ್ತರದ ನಂದಿಬೆಟ್ಟದ ಡಾಂಬರಿಗೇ ಮುಗಿಬೀಳುತ್ತಾರೆ. ಸಾದಲಿ ಕಡೆಯ ಕಲ್ಲುಗುಡ್ಡಗಳಲ್ಲಿ ಹಾದಿ ಮೂಡಿಸಿದ್ದು ಕುರಿ, ದನ, ಸೌದೆ ಹೊರುವವರ ಕಾಲು. ಇಂಥ ಹಾದಿಯ ಓರೆ ಗುಡ್ಡದ ಓರೆಯ ಅರ್ಧವನ್ನು ಮೀರಬಾರದು, ಸರಾಸರಿ ನೂರಕ್ಕೆ ಹತ್ತರೊಳಗಿರಬೇಕು ಎಂಬುದು ಸೈಕಲ್ ಹಾದಿ ಕಡಿಯುವವರ ಕಟ್ಟುಪಾಡು. ಮೇಯುತ್ತಾ ಅಡ್ಡಡ್ಡ ಸಾಗುವ ಕುರಿಗಳು ಯಾರೂ ಹೇಳಿಕೊಡದೆಯೇ ಅದನ್ನು ಹೆಚ್ಚುಕಡಿಮೆ ಪಾಲಿಸುತ್ತವೆ. ಕೆರೆಗೆ ನೆಟ್ಟಗೆ ಇಳಿಯುವ ದನದ ಜಾಡು ಹಾಗಲ್ಲ. ಮಳೆನೀರೂ ಅದನ್ನೇ ಹಿಡಿದು ಹರಿದು ಕೊರಕಲು ಮಾಡಿಬಿಡುತ್ತದೆ. ಆದ್ದರಿಂದ ಕುರಿಜಾಡಿನಲ್ಲಿ ಏರುವುದು, ಕಡಿದಾದ ಜಾಡಿನಲ್ಲಿ ಇಳಿಯುವುದು ಜಾಣತನ.

ಏರುವಾಗ ಗೇರೇ ಗತಿ. ಮುಂದೆ 32 ಹಲ್ಲು, ಹಿಂದೆ 51 ಹಲ್ಲು ಇದ್ದರೆ ಪೆಡಲ್ ಪೂರ್ತಿ ಒಂದು ಸುತ್ತು ಬಂದರೂ ಚಕ್ರ ಮುಕ್ಕಾಲು ಸುತ್ತೂ ತಿರುಗದು. 29 ಇಂಚಿನ ಚಕ್ರವಾದರೂ ಸೈಕಲ್ ಮುಂದೆ ಸರಿಯುವುದು ಸುಮಾರು ಒಂದೂವರೆ ಮೀಟರ್. ನಡೆದು ಹೋಗುವವರು ಹಿಂದೆ ಹಾಕುವಷ್ಟು ನಿಧಾನ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಗರಸಿನಲ್ಲಿ ಜಾರುತ್ತದೆ, ಹಿಂದೆ ಸರಿದು ಕೂತರೆ ಮುಂದಿನ ಚಕ್ರ ಎದ್ದು ದಾರಿ ತಪ್ಪುತ್ತದೆ. ಸೀಟಿನ ಮೂತಿಯ ಮೇಲೆ ಕೂತು ಎದೆ ಬಗ್ಗಿಸಿದರೆ ಎರಡೂ ನೆಲ ಹಿಡಿಯುತ್ತವೆ. ಬೋಳುಬಂಡೆ ಬಂದರೆ ಅಂಜಬೇಕಿಲ್ಲ: ಒಣಗಿದ ಕಗ್ಗಲ್ಲಿನಷ್ಟು ಬಿಗಿಯಾಗಿ ಟಯರನ್ನು ಹಿಡಿಯುವ ನೆಲ ಬೇರೆ ಇಲ್ಲ. ಅಪಾಯವಿರುವುದು ಬಂಡೆ ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ. ಶಿಥಿಲವಾದ ಕಲ್ಲಿನ ಹರಳುಗಳು ಅಲ್ಲಿ ರಾಗಿ ಚೆಲ್ಲಿದಂತೆ ಹರಡಿರುತ್ತವೆ.

ನೆತ್ತಿಯಲ್ಲಿ ಸೀಟು ತಗ್ಗಿಸಿಕೊಂಡರೆ ಇಳಿತಕ್ಕೆ ಅಣಿಯಾದಂತೆ. ಸವಾರ, ಸೈಕಲ್ ಸೇರಿ 80 ಕಿಲೋ ತೂಕ ನೂರು ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ದೊಡ್ಡ ಲೋಟ ನೀರು ಕುದಿಸಲು ಸಾಕು. ಅದರಲ್ಲಿ ಬಹುಪಾಲು ಬ್ರೇಕಿನಲ್ಲೇ ಬಿಸಿಯಾಗಿ ಹೋಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಹಳೇ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಹೂಡಿದವರ ಹಬ್ ಬ್ರೇಕುಗಳಲ್ಲಿ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸದಾಗಿ ತುಂಬಬೇಕಿತ್ತು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಹಾಗೆ. ಬೆಟ್ಟದ ಸೈಕಲ್ ಸವಾರಿ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು, ಆದರೆ ಇಳಿತದ ಪಂದ್ಯವಾಗಿ ಅಲ್ಲ, ಕ್ರಾಸ್‌ಕಂಟ್ರಿ ಓಟವಾಗಿ.

ಇಳಿಯುವಾಗ ಪೆಡಲ್‌ಗಳು ನೆಲಕ್ಕೆ ಸಮಾನಾಂತರ, ಮೊಣಕೈ ಸಡಿಲ, ಕಣ್ಣು ಮುಂದಿನ ತಿರುವಿನ ಮೇಲೆ. ಕಲ್ಲನ್ನು ದಿಟ್ಟಿಸಿದರೆ ಸೈಕಲ್ ಕಲ್ಲಿಗೇ ಹೋಗುತ್ತದೆ. ಬ್ರೇಕ್ ಹಿಡಿಯಬೇಕಾದದ್ದು ತಿರುವಿಗೆ ಮುಂಚೆ. ತಿರುವಿನ ನಡುವೆ ಗರಸಿನ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಮಂಡಿಯ ಚರ್ಮ ಅಲ್ಲೇ ಉಳಿಯುತ್ತದೆ. ಕಿರುದಾರಿಯಲ್ಲಿ ಎದುರಾದವರಿಗೆ ಇಳಿಯುವವರೇ ದಾರಿ ಬಿಡುವುದು ವಾಡಿಕೆ. ಕುರಿಮಂದೆ ಎದುರಾದರೆ ಇಳಿದು ನಿಲ್ಲುವುದೊಂದೇ ದಾರಿ. ಗಂಟೆ ಬಾರಿಸಿದರೆ ಮಂದೆ ಚೆದುರುತ್ತದೆ, ಕುರಿಗಾಹಿಯ ಬೈಗುಳ ತೆಲುಗಿನಲ್ಲೂ ಕನ್ನಡದಲ್ಲೂ ಬೀಳುತ್ತದೆ.

ತಪ್ಪಲಿನಲ್ಲಿ ಹಾದಿ ಹಿಪ್ಪುನೇರಳೆ ತೋಟಗಳ ಬದುವಿಗೆ ಬಂದು ಸೇರುತ್ತದೆ. ಇಲ್ಲಿನ ಶತ್ರು ಜಾಲಿಮುಳ್ಳು. ಟ್ಯೂಬ್ ಇಲ್ಲದ, ಒಳಗೆ ಸೀಲಂಟ್ ಸುರಿದ ಟಯರ್ ಸಣ್ಣ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇರುವವರು ಪಂಪು, ಪ್ಯಾಚು ಇಲ್ಲದೆ ಹೊರಡಬಾರದು. ಹಿಂಗಾರಿನ ಮಳೆ ತಗ್ಗುತ್ತಾ ಬರುವ ನವೆಂಬರ್ ಕೊನೆ, ಡಿಸೆಂಬರ್ ಸವಾರಿಗೆ ಹದವಾದ ಕಾಲ, ಗರಸು ಆಗ ಗಟ್ಟಿಯಾಗಿ ಕೂತಿರುತ್ತದೆ. ಮಾರ್ಚ್ ಹೊತ್ತಿಗೆ ಅದೇ ಹಾದಿ ಪುಡಿಪುಡಿಯಾಗಿರುತ್ತದೆ, ಬಿಸಿಲಿಗೆ ಏರು, ಇಳಿತ ಎರಡನ್ನೂ ಬೆಳಗಿನ ಹತ್ತು ಗಂಟೆಯೊಳಗೇ ಮುಗಿಸಬೇಕಾಗುತ್ತದೆ.