ಒಂದೇ ಸೂರಿನಡಿ ಎರಡು ದೇಶ

ಕೆನ್ಯಾದ ಕಿಸುಮುವಿನಿಂದ ಹೊರಟ ಮಟಾಟು ವ್ಯಾನು ಮಸೇನೋ ಹತ್ತಿರ ಭೂಮಧ್ಯರೇಖೆ ದಾಟಿತು. ಭೂಗೋಳವನ್ನೇ ಎರಡಾಗಿ ಸೀಳುವ ಗೆರೆಯನ್ನು ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ! ಆಮೇಲೆ ಯಾಲಾ, ಉಗುಂಜಾ, ಬುಮಾಲಾ. ಕೆಂಪು ಮಣ್ಣು, ಕಬ್ಬು, ಮೆಕ್ಕೆಜೋಳ. ಕೊನೆಗೆ ಬಂದದ್ದು ಬುಸಿಯಾ. ಈ ಊರಿನ ಒಂದು ಭಾಗ ಕೆನ್ಯಾದಲ್ಲಿದೆ, ಇನ್ನೊಂದು ಉಗಾಂಡದಲ್ಲಿ. ಎರಡಕ್ಕೂ ಅದೇ ಹೆಸರು.

ಗಡಿಯ ರಸ್ತೆಯಲ್ಲಿ ಎತ್ತ ನೋಡಿದರೂ ವ್ಯಾಪಾರ. ತಲೆಯ ಮೇಲೆ ಬಾಳೆಗೊನೆ ಹೊತ್ತ ಹೆಂಗಸರು, ಎರಡೂ ದೇಶಗಳ ಶಿಲ್ಲಿಂಗ್ ಕಂತೆ ಹಿಡಿದು ನಿಂತ ಹಣ ಬದಲಿಸುವವರು, ಗಿರಾಕಿ ಕೂಗುವ ಬೋಡಾ ಬೋಡಾ ಬೈಕಿನವರು. ಇವರ ನಡುವೆ ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್‌ಗಳು. ಕಾಲಿನ ಬಲವಿಲ್ಲದವರು ಅವುಗಳ ಮೇಲೆ ಸೋಪಿನ ಪೆಟ್ಟಿಗೆ, ಅಡುಗೆ ಎಣ್ಣೆ ಡಬ್ಬ ಪೇರಿಸಿಕೊಂಡು ಗಡಿಯಾಚೆ ಮುಟ್ಟಿಸಿ ಸಂಸಾರ ನಡೆಸುತ್ತಾರೆ. ಒಬ್ಬಾತನ ಹೊರೆ ಅವನ ತಲೆಗಿಂತ ಎತ್ತರಕ್ಕಿತ್ತು. ಇಬ್ಬರು ಹುಡುಗರು ಹಿಂದಿನಿಂದ ತಳ್ಳುತ್ತಿದ್ದರು, ಆತ ಮುಂದೆ ಕೂತು ರಾಜಗಾಂಭೀರ್ಯದಿಂದ ದಾರಿ ಬಿಡಿಸಿಕೊಳ್ಳುತ್ತಿದ್ದ. ನೋಡುತ್ತಾ ನಿಂತೇಬಿಟ್ಟೆ.

1902ರವರೆಗೆ ಇಲ್ಲಿಂದ ಪೂರ್ವಕ್ಕೆ ನೈವಾಶಾದವರೆಗಿನ ನೆಲವೆಲ್ಲ ಉಗಾಂಡದ ಆಡಳಿತದಲ್ಲೇ ಇತ್ತು. ಆ ವರ್ಷ ಬ್ರಿಟಿಷರು ಅದನ್ನು ಇಂದಿನ ಕೆನ್ಯಾಕ್ಕೆ ಸೇರಿಸಿದರು. ಸಾಮಿಯಾ, ತೇಸೊ ಜನರ ಬಂಧುಬಳಗ ಎರಡು ದೇಶಗಳಿಗೆ ಹಂಚಿಹೋಯಿತು. ಅಣ್ಣನ ಹೊಲದ ಕಾಳು ತಂಗಿಯ ಊರಿನ ಸಂತೆಗೆ ಹೋಗುವುದೂ ರಫ್ತೆನಿಸಿತು.

ಜಿಎಸ್‌ಟಿ ಬರುವ ಮೊದಲು ಅತ್ತಿಬೆಲೆ ಚೆಕ್‌ಪೋಸ್ಟ್‌ನಲ್ಲಿ ಲಾರಿಗಳು ಸಾಲುಗಟ್ಟಿದ್ದನ್ನು ಕಂಡವರು ಹಳೆಯ ಬುಸಿಯಾವನ್ನು ಊಹಿಸಿಕೊಳ್ಳಬಹುದು. ಬಿಡುವ ದೇಶದಲ್ಲೊಮ್ಮೆ, ಹೊಗುವ ದೇಶದಲ್ಲೊಮ್ಮೆ ಅದೇ ಕಾಗದ, ಅದೇ ತಪಾಸಣೆ. ದೊಡ್ಡ ಕಂಪನಿಗೆ ಇದನ್ನೆಲ್ಲ ನಿಭಾಯಿಸಲು ಏಜೆಂಟರಿದ್ದರು. ತಲೆಹೊರೆಯ ಹೆಂಗಸಿಗೆ ಯಾರಿದ್ದರು? ಅವಳು ‘ಪಾನ್ಯಾ’ ಎನ್ನುವ ಕಳ್ಳದಾರಿ ಹಿಡಿಯುತ್ತಿದ್ದಳು. ಅಲ್ಲಿ ಲಂಚ, ಜಪ್ತಿ, ಕಿರುಕುಳದ ಭಯ. ಹಾಗೆ ನೋಡಿದರೆ, ಎರಡೂ ದೇಶಗಳು ಸದಸ್ಯರಾಗಿರುವ ಪೂರ್ವ ಆಫ್ರಿಕಾ ಸಮುದಾಯದ ಕಸ್ಟಮ್ಸ್ ಒಕ್ಕೂಟ 2005ರಲ್ಲೇ ಜಾರಿಗೆ ಬಂದಿತ್ತು. ಉಗಾಂಡದಲ್ಲಿ ಬೆಳೆದ ಕಾಳಿಗೆ ಕೆನ್ಯಾದಲ್ಲಿ ಆಮದು ಸುಂಕವೇ ಇರಲಿಲ್ಲ. ಆದರೆ ಕಾನೂನು ಕೊಟ್ಟಿದ್ದ ಈ ಹಕ್ಕು ಎಷ್ಟೋ ಮಂದಿಯ ಕಿವಿಗೇ ಬಿದ್ದಿರಲಿಲ್ಲ. ಗೊತ್ತಿದ್ದವರಿಗೂ ಮಾಲು ಎಲ್ಲಿಯದೆಂದು ರುಜುವಾತು ಮಾಡುವ ಕಾಗದ ಬೇಕಿತ್ತು.

2018ರ ಫೆಬ್ರುವರಿಯಲ್ಲಿ ಎರಡೂ ದೇಶಗಳ ಅಧ್ಯಕ್ಷರು, ಉಹುರು ಕೆನ್ಯಾಟಾ ಮತ್ತು ಯೊವೇರಿ ಮುಸೆವೆನಿ, ಇಲ್ಲಿನ ಹೊಸ ಗಡಿಠಾಣೆಯನ್ನು ಉದ್ಘಾಟಿಸಿದರು. ಇದರ ಏರ್ಪಾಡು ಸರಳ, ಆದರೂ ಬೆರಗು ಹುಟ್ಟಿಸುವಂಥದ್ದು. ಉಗಾಂಡದಿಂದ ಬರುವವರು ಅಲ್ಲಿ ನಿಲ್ಲದೆ ನೇರ ಕೆನ್ಯಾ ಕಡೆಯ ಕಟ್ಟಡಕ್ಕೆ ಬರುತ್ತಾರೆ. ಅಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಸೂರಿನಡಿ ಕೂತಿರುತ್ತಾರೆ. ಅತ್ತ ಹೋಗುವವರಿಗೆ ಉಗಾಂಡ ಕಡೆಯ ಕಟ್ಟಡ. ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ನೆಲದಲ್ಲಿ ಕೂತು ತನ್ನ ದೇಶದ ಮೊಹರು ಒತ್ತುತ್ತಾನೆ! ಅದಕ್ಕೆಂದೇ ಸಮುದಾಯ 2016ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿದೆ.

ಕೌಂಟರಿನ ಮುಂದೆ ಬೀನ್ಸ್ ಕಾಳಿನ ಮೂಟೆಗಳೊಡನೆ ಒಬ್ಬ ಹೆಂಗಸು ನಿಂತಿದ್ದರು. ಮಾಲು 2,000 ಡಾಲರ್ ಒಳಗಿದ್ದು, ಸಮುದಾಯದ ದೇಶಗಳಲ್ಲೇ ಬೆಳೆದದ್ದಾಗಿ, ಒಪ್ಪಿತ ಪಟ್ಟಿಯಲ್ಲಿದ್ದರೆ ಸಾಕು, ಸರಳ ಮೂಲ ಪ್ರಮಾಣಪತ್ರ ಗಡಿಯಲ್ಲೇ ಸಿಗುತ್ತದೆ. ಏಜೆಂಟ್ ಬೇಕಿಲ್ಲ. ಅಧಿಕಾರಿ ಮೂಟೆಯ ಬಾಯಿ ಬಿಚ್ಚಿಸಿ ಒಂದು ಹಿಡಿ ಕಾಳು ನೋಡಿ, ಹೆಸರು, ತೂಕ, ಬೆಲೆ ಬರೆದು ಮೊಹರು ಒತ್ತಿದ. ಆಕೆ ಕಾಗದವನ್ನು ಓದಿ, ತೂಕದ ಅಂಕಿಯನ್ನು ಬೆರಳಿಟ್ಟು ಇನ್ನೊಮ್ಮೆ ನೋಡಿ, ಪ್ಲಾಸ್ಟಿಕ್ ಚೀಲದೊಳಗೆ ಜೋಪಾನ ಮಾಡಿದರು. ಮುಖದಲ್ಲಿ ಅಂಜಿಕೆಯ ಸುಳಿವಿರಲಿಲ್ಲ.

ಈ ಭಾಗದಲ್ಲಿ ‘ಸೌತಿ’ ಎಂಬ ಮೊಬೈಲ್ ಸೇವೆಯೂ ಇದೆ. ಇಂಟರ್‌ನೆಟ್ ಇಲ್ಲದ ಬಟನ್ ಫೋನಿನಲ್ಲೇ ಮಾರುಕಟ್ಟೆ ಧಾರಣೆ, ಶಿಲ್ಲಿಂಗ್ ವಿನಿಮಯ ದರ, ಗಡಿಯ ನಿಯಮ ತಿಳಿಯಬಹುದು. ದಲ್ಲಾಳಿ ಹೇಳಿದ್ದೇ ದರ ಎಂದು ನಂಬಬೇಕಾಗಿಲ್ಲ.

ಎಲ್ಲವೂ ಹಸನಾಗಿದೆ ಎನ್ನಲಾರೆ. 2021ರ ಮಾರ್ಚ್‌ನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹೆಚ್ಚಿದೆಯೆಂದು ಕೆನ್ಯಾವು ಉಗಾಂಡ, ಟಾಂಜಾನಿಯಾಗಳ ಮೆಕ್ಕೆಜೋಳವನ್ನು ಇದ್ದಕ್ಕಿದ್ದಂತೆ ತಡೆಯಿತು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು. ಆದರೆ ಪರೀಕ್ಷೆಯ ಪ್ರಮಾಣಪತ್ರ ಬೇಕೆಂಬ ಷರತ್ತು ಬಂತು. ಉಣ್ಣುವವರ ಆರೋಗ್ಯ ಮುಖ್ಯ, ಸಂಶಯವಿಲ್ಲ. ಆದರೆ ನಾಲ್ಕು ಮೂಟೆಯ ವ್ಯಾಪಾರಿಗೆ ಆ ಪರೀಕ್ಷೆ ಗಡಿಯಲ್ಲೇ, ಕೈಗೆಟುಕುವ ಬೆಲೆಗೆ ಸಿಗಬೇಕು. ಇಲ್ಲವಾದರೆ ಅವಳ ಕಾಲು ಮತ್ತೆ ಪಾನ್ಯಾದ ಕಡೆಗೇ ತಿರುಗುತ್ತದೆ.

ಆಫ್ರಿಕಾದಲ್ಲಿ ಎರಡು ದೇಶಗಳು ಒಂದೇ ಸೂರಿನಡಿ ಕೂರುವ ಇಂಥ ಮೊದಲ ಗಡಿಠಾಣೆ 2009ರಲ್ಲಿ ಜಾಂಬಿಯಾ–ಜಿಂಬಾಬ್ವೆ ನಡುವಿನ ಚಿರುಂಡುವಿನಲ್ಲಿ ತೆರೆಯಿತು. 2021ರ ಜನವರಿಯಿಂದ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದದಡಿ ವಹಿವಾಟೂ ಶುರುವಾಗಿದೆ. ಅದರ ಫಲ ಹಡಗು, ಕಂಟೇನರ್‌ಗಳ ಒಡೆಯರಿಗೆ ಹೇಗೂ ಸಿಗುತ್ತದೆ. ತಲೆಹೊರೆಯವರಿಗೂ ಸಿಗಬೇಕಾದರೆ ಅವರೇ ಓದಬಲ್ಲ ನಿಯಮ, ಒಂದು ಪುಟದ ಅರ್ಜಿ, ಗದರದ ಅಧಿಕಾರಿ ಇರಬೇಕು. ಇದು ಆಗುವ ಮಾತೇ ಎಂದು ಯಾರಾದರೂ ಕೇಳಿದರೆ ಬುಸಿಯಾಕ್ಕೆ ಹೋಗಿ ನೋಡಿ ಎನ್ನುತ್ತೇನೆ.