ಎಡಿನ್‌ಬರೋದ ಬಿಸಿಲು

ಬಿಸಿಲೆಂದರೆ ಕನ್ನಡ ನಾಡಿನವರಿಗೆ ತಪ್ಪಿಸಿಕೊಳ್ಳಬೇಕಾದ ವಸ್ತು. ಹಪ್ಪಳ ಸಂಡಿಗೆಗಳಿಗೆ ಅದು ಬೇಕು. ಮನುಷ್ಯರಿಗೆ ನೆರಳೇ ಲೇಸು. ಆ ಬಿಸಿಲೂ ಒಂದು ಭಾಗ್ಯವೆಂಬುದು ಮನವರಿಕೆಯಾಗಬೇಕಾದರೆ ಉತ್ತರದ ನಾಡುಗಳಲ್ಲಿ ಒಂದು ಚಳಿಗಾಲವನ್ನು ಕಳೆಯಬೇಕು. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ಈ ಪಾಠವನ್ನು ಚೆನ್ನಾಗಿ ಕಲಿಸುತ್ತದೆ.

ಗುಡ್ಡದ ನೆತ್ತಿಯ ಮೇಲೊಂದು ಕೋಟೆ, ಅದರ ಕೆಳಗೆ ಮರಳುಗಲ್ಲಿನ ಎತ್ತರದ ಮನೆಗಳು, ಅವುಗಳ ನಡುವೆ ಕಡಿದಾದ ಓಣಿಗಳು. ಇಲ್ಲಿಯ ವಿಶ್ವವಿದ್ಯಾನಿಲಯ 1583ರಲ್ಲಿ ಸ್ಥಾಪಿತವಾದದ್ದು. ಭಾರತೀಯರಿಗೂ ಇದು ಹೊಸದಲ್ಲ. ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅವರು 1882ರಲ್ಲಿ ಇಲ್ಲಿಗೆ ಬಂದು, 1887ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಅಂದಿನಿಂದ ಎಷ್ಟೋ ಮಂದಿ ಅದೇ ಓಣಿಗಳಲ್ಲಿ ನಡೆದಿದ್ದಾರೆ.

ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಭೂವಿಜ್ಞಾನವನ್ನು ಅಭ್ಯಸಿಸಲು ಸೆಪ್ಟೆಂಬರಿನಲ್ಲಿ ಈ ಊರಿಗೆ ಬಂದಳು. ಮೊದಲ ಕೆಲವು ವಾರಗಳು ಸಂಭ್ರಮದಲ್ಲಿಯೇ ಕಳೆದವು. ಅನಂತರ ಹಗಲು ದಿನದಿನಕ್ಕೂ ಸವೆಯತೊಡಗಿತು. ಡಿಸೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಸೂರ್ಯೋದಯವಾಗುವುದು ಎಂಟೂ ಮುಕ್ಕಾಲರ ಸುಮಾರಿಗೆ; ಮಧ್ಯಾಹ್ನ ನಾಲ್ಕು ಹೊಡೆಯುವ ಮೊದಲೇ ಅಸ್ತಮಾನ. ಇರುವ ಏಳು ಗಂಟೆಯ ಹಗಲಿನಲ್ಲಿಯೂ ಸೂರ್ಯನು ಮೇಲೇರುವುದಿಲ್ಲ. ಮೈಸೂರಿನಲ್ಲಿ ಅದೇ ದಿನದ ನಡುಹಗಲಿನಲ್ಲಿ ದಿಗಂತದಿಂದ 54 ಡಿಗ್ರಿ ಎತ್ತರದಲ್ಲಿ ನಿಲ್ಲುವ ಸೂರ್ಯ, ಎಡಿನ್‌ಬರೋದಲ್ಲಿ 11 ಡಿಗ್ರಿಯನ್ನೂ ಮುಟ್ಟಲಾರ. ಮನೆಗಳ ಹಿಂದೆಯೇ ಹುಟ್ಟಿ ಮನೆಗಳ ಹಿಂದೆಯೇ ಮುಳುಗುತ್ತಾನೆ. ಮೋಡ, ತುಂತುರು, ಗಾಳಿ, ಮಬ್ಬು ಎಲ್ಲವೂ ಸೇರಿದ ಇಂತಹ ಹವೆಗೆ ಸ್ಕಾಟರು 'ಡ್ರೀಖ್' ಎಂಬ ಪ್ರತ್ಯೇಕ ಪದವನ್ನೇ ಇಟ್ಟುಕೊಂಡಿದ್ದಾರೆ.

ಕತ್ತಲಲ್ಲಿ ಎದ್ದು, ಮಬ್ಬಿನಲ್ಲಿ ತರಗತಿಗೆ ಹೋಗಿ, ಮತ್ತೆ ಕತ್ತಲಲ್ಲಿ ಕೋಣೆಗೆ ಮರಳುವುದು ಆಕೆಯ ದಿನಚರಿಯಾಯಿತು. ಎಷ್ಟು ಮಲಗಿದರೂ ಆಯಾಸ ಹೋಗದು. ಚರ್ಚಾ ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದು. ತಂದೆ ಬ್ಯಾಂಕಿನಿಂದ ಸಾಲ ಎತ್ತಿ ಕಳುಹಿಸಿದ್ದಾರೆಂಬ ನೆನಪು ಎದೆಯ ಮೇಲೆ ಕಲ್ಲಾಗಿ ಕುಳಿತಿತು. ಈಸ್ಟರ್ ರಜೆಯಲ್ಲಿ ಊರಿಗೆ ಹೋಗಿ, ಮತ್ತೆ ಬರದೆಯೇ ಇದ್ದರೆ ಹೇಗೆ ಎಂದು ಆಕೆ ಒಳಗೊಳಗೇ ಲೆಕ್ಕ ಹಾಕತೊಡಗಿದಳು.

ಇದು ಕೇವಲ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. ಹಗಲು ಕುಗ್ಗಿದಾಗ ಕೆಲವರನ್ನು ಆವರಿಸುವ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಒಂದು ಪ್ರತ್ಯೇಕ ವ್ಯಾಧಿಯೆಂದೇ ವಿವರಿಸಿದರು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಆ ನಾಡಿನ ಬಿಸಿಲಿನಿಂದ ಚರ್ಮವು ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಲಾರದು. ಆದುದರಿಂದ ಆ ತಿಂಗಳುಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದೆಂದು ಅಲ್ಲಿಯ ಆರೋಗ್ಯ ಇಲಾಖೆಯೇ ಸಲಹೆ ಕೊಡುತ್ತದೆ. ಕಪ್ಪು ಮೈಬಣ್ಣದವರಿಗೆ ಈ ಸಲಹೆ ವರ್ಷವಿಡೀ ಅನ್ವಯಿಸುತ್ತದೆ.

ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಏಪ್ರಿಲ್ ಮುಗಿಯುವಷ್ಟರಲ್ಲಿ ರಾತ್ರಿ ಎಂಟೂವರೆ ದಾಟಿದರೂ ಹಗಲೇ. ಅಂತಹ ಒಂದು ಶನಿವಾರ ಬೆಳಿಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಆಕಾಶವು ತೊಳೆದಿಟ್ಟಂತೆ ನೀಲಿಯಾಗಿ ತೆರೆದುಕೊಂಡಿತು.

ವಿಶ್ವವಿದ್ಯಾನಿಲಯದ ಪಕ್ಕದಲ್ಲಿಯೇ 'ಮೆಡೋಸ್' ಎಂಬ ವಿಶಾಲವಾದ ಹುಲ್ಲುಬಯಲಿದೆ. ಒಂದು ಕಾಲಕ್ಕೆ ಅದು ಊರಿಗೆ ನೀರುಣಿಸುತ್ತಿದ್ದ ಕೆರೆ. ಅನಂತರ ನೀರನ್ನು ಹರಿಯಬಿಟ್ಟು ಬಯಲು ಮಾಡಿದರು. ಆ ದಿನ ಊರಿಗೆ ಊರೇ ಅಲ್ಲಿ ನೆರೆದಿತ್ತು. ಕಾಲುದಾರಿಯ ಚೆರಿ ಮರಗಳು ತಿಳಿಗೆಂಪು ಹೂಗಳನ್ನು ಹೊತ್ತು ಬಾಗಿದ್ದವು. ತಿಂಗಳುಗಟ್ಟಲೆ ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿ ನಡೆದಿದ್ದ ಜನ ಅಂಗಿ ಕಳಚಿ ಹುಲ್ಲಿನ ಮೇಲೆ ಒರಗಿದ್ದರು. ಚಳಿಗಾಲವಿಡೀ ತಲೆಯಾಡಿಸಿಯಷ್ಟೇ ಹೋಗುತ್ತಿದ್ದ ಸಹಪಾಠಿಗಳು ಆಕೆಯನ್ನು ಕೂಗಿ ಕರೆದು, ತಮ್ಮ ಕಂಬಳಿಯ ಮೇಲೆ ಜಾಗ ಕೊಟ್ಟರು.

ಅಪರಾಹ್ನ ಎಲ್ಲರೂ ಸಾಲಿಸ್‌ಬರಿ ಕ್ರ್ಯಾಗ್ಸ್ ಎಂಬ ಬಂಡೆಸಾಲಿನ ಕಡೆಗೆ ನಡೆದರು. 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಎಂಬ ನಂದಿದ ಜ್ವಾಲಾಮುಖಿ ಅದರ ಬೆನ್ನಿಗಿದೆ. ಕರಗಿದ ಶಿಲಾರಸವು ಹಳೆಯ ಪದರಗಳ ನಡುವೆ ನುಗ್ಗಿ ಹೆಪ್ಪುಗಟ್ಟಿದೆ ಎಂಬುದಕ್ಕೆ ಜೇಮ್ಸ್ ಹಟನ್ 18ನೆಯ ಶತಮಾನದಲ್ಲಿ ಸಾಕ್ಷ್ಯ ಕಂಡದ್ದು ಇಲ್ಲಿಯೇ. ಜನವರಿಯಲ್ಲಿ ದೀಪದ ಕೆಳಗೆ ಓದಿದಾಗ ಆಕೆಗೆ ಅದು ಬರಿಯ ಪುಟವಾಗಿತ್ತು. ಈಗ ಪಶ್ಚಿಮದ ಬಿಸಿಲು ನೇರವಾಗಿ ಬಿದ್ದು, ಬಂಡೆಯ ಒಂದೊಂದು ಸೀಳೂ ಕೆಂಪಾಗಿ ಎದ್ದು ಕಾಣುತ್ತಿತ್ತು. ಗೆಳತಿಯೊಬ್ಬಳು ಏನೋ ಕೇಳಿದಳು. ಆಕೆ ಕೈಚಾಚಿ ತೋರಿಸುತ್ತ ವಿವರಿಸತೊಡಗಿದಳು. ಹತ್ತು ನಿಮಿಷ ನಿಲ್ಲಿಸಲೇ ಇಲ್ಲ. ತನ್ನ ದನಿಯನ್ನು ತಾನೇ ಎಷ್ಟೋ ದಿನಗಳ ಮೇಲೆ ಕೇಳಿದಂತಾಯಿತು.

ಬಿಸಿಲು ಪರೀಕ್ಷೆಯನ್ನು ಬರೆದುಕೊಡುವುದಿಲ್ಲ, ಸಾಲವನ್ನು ತೀರಿಸುವುದಿಲ್ಲ. ಬೆಚ್ಚನೆಯ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಬಂದರೆ, 'ಹಾರ್' ಎಂಬ ಮಂಜು ಗಳಿಗೆಯಲ್ಲಿ ಊರನ್ನು ನುಂಗಿಬಿಡುತ್ತದೆ. ಮರುದಿನ ಹಾಗೆಯೇ ಆಯಿತು. ಬಿಸಿಲು ಬಂದರೂ ಕತ್ತಲು ಕರಗದ ಮನಸ್ಸುಗಳೂ ಉಂಟು; ಅಂತಹವರು ವೈದ್ಯರ ಬಳಿಗೆ ಹೋಗಲು ಸಂಕೋಚಪಡಬಾರದು. ಆದರೆ ಈ ವಿದ್ಯಾರ್ಥಿನಿಗೆ ಮಂಜಿನ ಹಿಂದೆ ಬಂಡೆ ಇದೆಯೆಂಬುದು ಈಗ ತಿಳಿದಿತ್ತು. ಹಿಂದಿರುಗುವ ಲೆಕ್ಕವನ್ನು ಆಕೆ ಅಲ್ಲಿಗೇ ಕೈಬಿಟ್ಟಳು.

ಮುಂದಿನ ಶನಿವಾರ ಮತ್ತೆ ಬಿಸಿಲು. ಕೋಟೆಯ ಮೇಲಿಂದ, 1861ರಿಂದ ನಡೆದುಬಂದ ಪದ್ಧತಿಯಂತೆ, ಒಂದು ಗಂಟೆಯ ಫಿರಂಗಿ ಹಾರಿತು. ಮೈಸೂರಿನಲ್ಲಿ ಆಗ ಸಂಜೆ ಐದೂವರೆ. ಆಕೆ ಹುಲ್ಲಿನ ಮೇಲೆ ಕುಳಿತೇ ತಾಯಿಗೆ ಫೋನು ಮಾಡಿದಳು.

"ಅಮ್ಮಾ, ಬಿಸಿಲಲ್ಲಿ ಕೂತಿದ್ದೀನಿ."

"ಬರೀ ತಲೇಲಿ ಕೂತ್ಕೋಬೇಡ ಕಣೇ, ತಲೆನೋವು ಬಂದೀತು. ನೆರಳಿಗೆ ಹೋಗು," ಎಂದರು ತಾಯಿ.

ಮಗಳು ಜೋರಾಗಿ ನಕ್ಕಳು. ಆರು ತಿಂಗಳಿನಿಂದ ಆ ನಗೆಗಾಗಿಯೇ ಕಾದಿದ್ದ ತಾಯಿ, ಕಾರಣವನ್ನು ಕೇಳಲಿಲ್ಲ.